ಹೊಲಕ್ಕೆ ಹೋಗುವುದು ಬೇರೆ, ಮಣ್ಣಿಗೆ ಹೋಗುವುದು ಬೇರೆ

“ಡಿಕ್ಷನರಿಯೊಳಗ ಮೂರು ಇಂಗ್ಲಿಷ್ ಶಬ್ದಕ್ಕೂ ಒಂದೇ ಅರ್ಥ ಕೊಟ್ಟಾರ್ರಿ. ಯಾವುದು ಬರದ್ರೂ ನಡೀತದಲ್ಲೇನ್ರಿ ಸರ್?” ಎಂದು ನಿನ್ನೆ ಕೋಟೆಯ ಹತ್ತಿರ ಕೂತಾಗ ನಿಮ್ಮಲ್ಲೊಬ್ಬಾಕೆ ಕೇಳಿದಳು. ಕತ್ತಲಾಗುತ್ತಿತ್ತು, ಎಲ್ಲರಿಗೂ ಮನೆಗೆ ಹೋಗುವ ಅವಸರ. ನಡೆಯುವುದಿಲ್ಲ ಎಂದಷ್ಟೇ ಹೇಳಿ ಎದ್ದೆ. ಯಾಕೆ ನಡೆಯುವುದಿಲ್ಲ ಎಂಬುದನ್ನು ರಾತ್ರಿಯೆಲ್ಲ ಯೋಚಿಸಿ ಈಗ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ಮಾತನ್ನೇ ನೋಡಿರಿ. ಹೊಲ, ಜಮೀನು, ನೆಲ, ಮಣ್ಣು, ಭೂಮಿ ಇವು ಐದೂ ಕಾಲ ಕೆಳಗಿರುವ ಒಂದೇ ವಸ್ತುವಿನ ಹೆಸರುಗಳು. ಆದರೂ ನಿಮ್ಮಪ್ಪ ಬೆಳಿಗ್ಗೆ ಎದ್ದು ಹೋಗುವುದು ಹೊಲಕ್ಕೆ. ತಹಶೀಲ್ ಕಚೇರಿಯಲ್ಲಿ ತಕರಾರು ಇರುವುದು ಜಮೀನಿನದು. ಅವ್ವ ಸಾರಿಸುವುದು ನೆಲ. ಇನ್ನು ‘ಮಣ್ಣಿಗೆ ಹೋಗಿ ಬಂದೆ’ ಅಂದರೆ ನಮ್ಮ ಕಡೆ ಯಾರದೋ ಮನೆಯಲ್ಲಿ ಸಾವಾಗಿದೆ ಎಂದರ್ಥ. ಹಾಗೆ ಹೇಳಿದವನಿಗೆ ಮೊದಲು ಸ್ನಾನಕ್ಕೆ ನೀರು ಕೊಡುತ್ತಾರೆ. ಹೊಲಕ್ಕೆ ಹೋದವನು ತಪ್ಪಿ ‘ಮಣ್ಣಿಗೆ ಹೋಗಿದ್ದೆ’ ಅಂದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಇದನ್ನು ನಿಮಗೆ ಯಾವ ಮಾಸ್ತರನೂ ಕಲಿಸಲಿಲ್ಲ. ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ ಆಡಿದರು ಎಂಬುದರ ಜೊತೆಗೇ ಶಬ್ದ ನಿಮ್ಮೊಳಗೆ ಇಳಿದಿದೆ. ಇಂಗ್ಲಿಷಿನ ಫೀಲ್ಡ್, ಲ್ಯಾಂಡ್, ಗ್ರೌಂಡ್, ಸಾಯಿಲ್, ಅರ್ಥ್ ಕೂಡ ಹೀಗೆಯೇ ಒಂದೊಂದು ಕಡೆ ಬೇರು ಬಿಟ್ಟಿವೆ. ನೀವು ಅವನ್ನು ಬೇರು ಕಿತ್ತು, ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತೀರಿ. ಅದಕ್ಕೇ ಐದೂ ಒಂದೇ ಎನಿಸುತ್ತವೆ.

ಕನ್ನಡದ ಒಂದು ಶಬ್ದ ಇಂಗ್ಲಿಷಿನಲ್ಲಿ ಮೂರಾಗುವ ಕಡೆ ಇನ್ನಷ್ಟು ಎಚ್ಚರ ಬೇಕು. ‘ಕೇಳು’ ಎಂಬುದನ್ನೇ ತಗೊಳ್ಳಿರಿ. ಮಾಸ್ತರರನ್ನು ಪ್ರಶ್ನೆ ಕೇಳುವುದು ಆಸ್ಕ್, ಪುರಾಣ ಕೇಳುವುದು ಲಿಸನ್, ಗುಡುಗು ಕೇಳಿಸುವುದು ಹಿಯರ್. ಕೊನೆಯ ಎರಡರ ನಡುವಿನ ಗೆರೆ ನಿಮಗೆ ಗೊತ್ತೇ ಇದೆ: ಕಿವಿಗೊಟ್ಟರೆ ಲಿಸನ್, ತಾನಾಗಿ ಕಿವಿಗೆ ಬಿದ್ದರೆ ಹಿಯರ್. ಲುಕ್ ಮತ್ತು ಸೀ ವಿಷಯದಲ್ಲಂತೂ ಕನ್ನಡ ಮೊದಲೇ ದಾರಿ ಮಾಡಿಟ್ಟಿದೆ. ನೋಡುವುದು ಲುಕ್, ಕಾಣುವುದು ಸೀ. ‘ಎಷ್ಟು ನೋಡಿದ್ರೂ ಕಾಣಲಿಲ್ಲ’ ಎಂದು ಅಜ್ಜಿ ಸೂಜಿಯ ಕಣ್ಣಿನ ಬಗ್ಗೆ ಹೇಳುವಾಗ ಆ ಎರಡೂ ಶಬ್ದಗಳ ಪಾಠ ಮುಗಿದಿರುತ್ತದೆ.

ಈ ತಿಳಿವಳಿಕೆಗೆ ನಾನು ಬೆಲೆ ತೆತ್ತಿದ್ದೇನೆ. ಕಾಲೇಜು ಮುಗಿಸಿದ ವರ್ಷ ಅಂಕಪಟ್ಟಿ ಬರುವುದು ತಡವಾಗಿ, ಒಂದು ಕಚೇರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಅಂಕಪಟ್ಟಿಯನ್ನು ‘ಡಿಮ್ಯಾಂಡ್’ ಮಾಡುತ್ತೇನೆ ಎಂದು ಬರೆದಿದ್ದೆ. ಓದಿದ ಅಧಿಕಾರಿ ಕಾಗದವನ್ನು ಮೇಜಿನಾಚೆ ತಳ್ಳಿ, ನನಗೆ ಆಜ್ಞೆ ಮಾಡಲು ನೀನ್ಯಾರು ಎಂದರು. ನಾನು ಕೈಮುಗಿದು ಬೇಡುವವನ ಮನಸ್ಸಿನಿಂದಲೇ ಬರೆದಿದ್ದೆ. ತಪ್ಪು ಎಲ್ಲಾಯಿತೆಂದು ತಿಳಿಯಲು ಎಷ್ಟೋ ವರ್ಷ ಹಿಡಿಯಿತು. ಪತ್ರಿಕೆಯಲ್ಲಿ ‘ರೈತರ ಬೇಡಿಕೆ’ ಎಂದು ಓದುತ್ತೇವೆ, ಅದಕ್ಕೆ ಇಂಗ್ಲಿಷು ಡಿಮ್ಯಾಂಡ್. ಆದರೆ ಬೇಡಿಕೆ ಹುಟ್ಟಿದ್ದು ‘ಬೇಡು’ ಎಂಬ ಶಬ್ದದಿಂದ, ಅದರಲ್ಲಿ ಒಡ್ಡಿದ ಅಂಗೈ ಇದೆ. ಡಿಮ್ಯಾಂಡಿನಲ್ಲಿರುವುದು ಹಕ್ಕಿನ ಗಟ್ಟಿ ದನಿ. ರಿಕ್ವೆಸ್ಟ್ ಎಂದಿದ್ದರೆ ಕೆಲಸ ಆಗುತ್ತಿತ್ತೋ ಇಲ್ಲವೋ, ಆ ಮಾತಂತೂ ಕೇಳಬೇಕಾಗುತ್ತಿರಲಿಲ್ಲ. ಹಾಗೆಂದು ಎಲ್ಲ ಕಡೆ ರಿಕ್ವೆಸ್ಟ್ ಬರೆಯಿರಿ ಎನ್ನುವುದಿಲ್ಲ. ಕೂಲಿ ಬಾಕಿ ಉಳಿದಿದ್ದರೆ ಡಿಮ್ಯಾಂಡ್ ಎಂದೇ ಬರೆಯಬೇಕು.

ಇಂಗ್ಲಿಷಿಗೆ ಇಷ್ಟೊಂದು ಸಮಾನಾರ್ಥಕಗಳು ಬಂದದ್ದು ಹೇಗೆಂದರೆ, ಅದು ಮೂರು ಮನೆಯ ಉಪ್ಪು ತಿಂದ ಭಾಷೆ. ತನ್ನದೇ ಹಳೆಯ ಮಾತು ಇತ್ತು. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಫ್ರೆಂಚು ಸೇರಿತು. ಪಂಡಿತರು ಲ್ಯಾಟಿನ್ ತುಂಬಿದರು. ಕಿಂಗ್ಲಿ, ರಾಯಲ್, ರೀಗಲ್ ಮೂರೂ ಹೀಗೆ ಕೂಡಿಬಂದವು. ಬಿಜಾಪುರದ ಸುಲ್ತಾನರು, ಹೈದರಾಬಾದಿನ ನಿಜಾಮರು ಆಳಿದ ನಮ್ಮ ಸೀಮೆಯವರಿಗೆ ಇದು ಹೊಸದಲ್ಲ. ಕೋರಿಕೆ ಅಚ್ಚಗನ್ನಡ, ಬಿನ್ನಹ ಸಂಸ್ಕೃತದಿಂದ ಸವೆದು ಬಂದದ್ದು, ಅರ್ಜಿ ಅರಬ್ಬಿಯಿಂದ ಪಾರಸಿ ದಾಟಿ ಬಂದದ್ದು. ಮದುವೆ ಕಾರ್ಡಿನ ಮೇಲೆ ಬಿನ್ನಹ ಸರಿ, ಅರ್ಜಿ ಎಂದು ಅಚ್ಚು ಹಾಕಿಸಿದರೆ ಬೀಗರು ಏನೆಂದಾರು?

ಇನ್ನು ನಮ್ಮ ಊರಿನ ಹೆಸರು. ಶಾಲೆಯ ಪ್ರಬಂಧದಲ್ಲಿ ಒಬ್ಬ ಹುಡುಗ ವನದುರ್ಗವನ್ನು ‘ಜಂಗಲ್ ಕ್ಯಾಸಲ್’ ಎಂದು ಬರೆದಿದ್ದ. ಹೆಸರನ್ನು ಅನುವಾದ ಮಾಡಬೇಡಿರಿ, ಅದು ಹೆಸರಾಗಿಯೇ ಇರಲಿ. ಆದರೆ ವಿವರಿಸಬೇಕಾದಾಗ ಶಬ್ದ ತೂಗಲೇಬೇಕು. ಕ್ಯಾಸಲ್ ಎಂದರೆ ಒಬ್ಬ ಒಡೆಯ ಸಂಸಾರ ಸಮೇತ ಇರುವ ಭದ್ರ ಮನೆ. ಕಾವಲಿನ ಗೊಡವೆಯಿಲ್ಲದ್ದು ಪ್ಯಾಲೆಸ್. ಫೋರ್ಟ್ ಎಂಬುದು ‘ಬಲಶಾಲಿ’ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದದ್ದು. ದುರ್ಗವಾದರೋ ‘ಹೋಗಲು ಕಷ್ಟವಾದದ್ದು’. ಅವರು ಒಳಗಿದ್ದವನ ಬಲ ನೋಡಿ ಹೆಸರಿಟ್ಟರು, ನಮ್ಮವರು ಹೊರಗಿನಿಂದ ಬರುವವನ ಪಾಡು ನೋಡಿ. ನೀರು, ಬೆಟ್ಟ, ಮರುಭೂಮಿ, ಕಾಡು ಎಂದು ಕೌಟಿಲ್ಯ ಎಣಿಸಿದ ನಾಲ್ಕು ಬಗೆಯ ದುರ್ಗಗಳಲ್ಲಿ ವನದುರ್ಗವೂ ಒಂದು. ಜಂಗಲ್ ಎಂಬುದು ನಮ್ಮಲ್ಲಿಂದಲೇ ಇಂಗ್ಲಿಷಿಗೆ ಹೋದ ಶಬ್ದ. ಸಂಸ್ಕೃತದಲ್ಲಿ ‘ಜಾಂಗಲ’ ಅಂದರೆ ಮರ ವಿರಳವಾದ ಒಣಸೀಮೆ. ಇಂಗ್ಲಿಷಿಗೆ ಹೋಗಿ ಅದು ಬಿಸಿಲೂ ನುಗ್ಗದ ದಟ್ಟ ಕಾಡಾಯಿತು. ಫಾರೆಸ್ಟ್ ಎಂದರೆ ಇಂಗ್ಲೆಂಡಿನಲ್ಲಿ ಹಿಂದೆ ಅರಸನ ಬೇಟೆಗೆ ಮೀಸಲಿಟ್ಟ ನೆಲ. ಆ ಸರ್ಕಾರಿ ಗತ್ತು ಅದಕ್ಕೆ ಈಗಲೂ ಇದೆ. ಹಳೆಯ ಕಾಲದ ಕಾಡನ್ನು ಹೇಳುವಾಗ ನಾನು ಫಾರೆಸ್ಟ್ ಎನ್ನುತ್ತೇನೆ, ಜಂಗಲ್ ಎನ್ನುವುದಿಲ್ಲ.

ಶಬ್ದ ಎಲ್ಲಕ್ಕಿಂತ ಭಾರವಾಗುವುದು ಚರಿತ್ರೆ ಬರೆಯುವಾಗ. ನಮ್ಮ ಸೀಮೆಯ ದೊಡ್ಡ ಉದಾಹರಣೆ ಸುರಪುರ. ಅಲ್ಲಿಯ ರಾಜಾ ವೆಂಕಟಪ್ಪ ನಾಯಕ 1858ರ ಫೆಬ್ರವರಿಯಲ್ಲಿ ಕಂಪನಿಯ ಪಡೆಯ ವಿರುದ್ಧ ಕಾದಿದ. ಇದನ್ನು ಇಂಗ್ಲಿಷಿನಲ್ಲಿ ಏನೆನ್ನುತ್ತೀರಿ? ಮ್ಯೂಟಿನಿ ಎಂದರೆ ಸೈನ್ಯದಲ್ಲೋ ಹಡಗಿನಲ್ಲೋ ಸಂಬಳಕ್ಕಿದ್ದು ವಿಧೇಯತೆಗೆ ಒಪ್ಪಿಕೊಂಡವರು ತಮ್ಮ ಅಧಿಕಾರಿಗಳ ಮೇಲೆ ತಿರುಗಿಬೀಳುವುದು. ಅದರ ಹಿಂದಿನ ವರ್ಷ ತಿರುಗಿಬಿದ್ದ ಮೀರತ್ತಿನ ಸಿಪಾಯಿಗಳಿಗೆ ಬ್ರಿಟಿಷರು ಆ ಶಬ್ದ ಬಳಸಿದರು. ಸುರಪುರದ ದೊರೆ ಯಾರ ಸಿಪಾಯಿಯೂ ಅಲ್ಲ, ಅವನಿಗೆ ಅದು ಹೊಂದುವುದೇ ಇಲ್ಲ. ರೆಬೆಲಿಯನ್ ಎಂದರೆ ಮೇಲೊಬ್ಬ ನ್ಯಾಯವಾದ ಒಡೆಯನಿದ್ದಾನೆಂದು ಬರೆಯುವವನೇ ಒಪ್ಪಿದಂತೆ. ಅಪ್‌ರೈಸಿಂಗ್ ಎಂದರೆ ಜನ ಕೆಳಗಿನಿಂದ ಎದ್ದದ್ದು. ರೆಸಿಸ್ಟೆನ್ಸ್ ಎಂದರೆ ಮೇಲೆ ಬಿದ್ದವನನ್ನು ತಡೆದದ್ದು. ಆ ಇಡೀ ಹೋರಾಟದ ಬಗ್ಗೆ 1909ರಲ್ಲಿ ಸಾವರ್ಕರರ ಪುಸ್ತಕ ‘ವಾರ್ ಆಫ್ ಇಂಡಿಪೆಂಡೆನ್ಸ್’ ಎಂಬ ಹೆಸರು ಹೊತ್ತು ಬಂತು. ಕನ್ನಡದಲ್ಲೂ ‘ಸಿಪಾಯಿ ದಂಗೆ’ ಇದ್ದದ್ದು ‘ಸ್ವಾತಂತ್ರ್ಯ ಸಂಗ್ರಾಮ’ ಆಯಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ಮೇಲೆ ನಮ್ಮ ‘ಬಂಡಾಯ’ಕ್ಕೆ ಬಂದ ಮರ್ಯಾದೆ ರೆಬೆಲಿಯನ್ನಿಗೆ ಇಲ್ಲ. ನನ್ನ ಆಯ್ಕೆ ಕೇಳಿದರೆ ರೆಸಿಸ್ಟೆನ್ಸ್. ನೀವು ಬೇರೆಯದನ್ನು ಆರಿಸಿದರೆ ಜಗಳವಿಲ್ಲ, ಆದರೆ ಎಲ್ಲಿ ನಿಂತು ಆರಿಸಿದಿರಿ ಎಂದು ಹೇಳಬಲ್ಲವರಾಗಬೇಕು.

ಆ ದೊರೆಯನ್ನು ಎಳೆತನದಿಂದ ನೋಡಿಕೊಂಡಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1853ರವರೆಗೂ ಸುರಪುರದಲ್ಲಿದ್ದ. ಶಬ್ದಗಳ ಬಗ್ಗೆ ಆತನಿಗೆ ಎಂಥ ನಿಷ್ಠೆಯೆಂದರೆ, ರಾಜನ ಕೋಳೂರಿನಂಥ ಕಡೆ ಇರುವ ಶಿಲಾಸಮಾಧಿಗಳನ್ನು ಒಟ್ಟಾರೆ ‘ಗೋರಿ’ ಎಂದು ಬರೆದು ಬಿಡಲಿಲ್ಲ. ಕಲ್ಲು ಗುಡ್ಡೆ ಹಾಕಿದ್ದು ಕೇರ್ನ್, ಒಂದು ಬದಿ ತೆರೆದದ್ದು ಕ್ರಾಮ್ಲೆಕ್, ನಾಲ್ಕೂ ಬದಿ ಮುಚ್ಚಿದ್ದು ಕಿಸ್ಟ್‌ವೇನ್ ಎಂದು ಬಿಡಿಸಿಟ್ಟ. ಟೇಲರ್ ಇನ್ನೂ ಸುರಪುರದಲ್ಲಿದ್ದಾಗಲೇ, 1852ರಲ್ಲಿ, ಲಂಡನ್ನಿನಲ್ಲಿ ರೋಜೆಯ ಥೆಸಾರಸ್ ಅಚ್ಚಾಯಿತು. ನೀವೀಗ ಫೋನಿನಲ್ಲಿ ಹುಡುಕುವ ಸಮಾನಾರ್ಥಕ ಪಟ್ಟಿಗಳಿಗೆ ಅದೇ ಹಿರಿಯಜ್ಜ. ಆ ಪಟ್ಟಿಯನ್ನು ಮರೆತ ಶಬ್ದ ನೆನಪಿಸಿಕೊಳ್ಳಲು ತೆರೆಯಿರಿ. ಗೊತ್ತಿಲ್ಲದ ಶಬ್ದವನ್ನು ಅಲ್ಲಿಂದ ಎತ್ತಿ ನೇರ ಬರಹದಲ್ಲಿ ಕೂಡಿಸಬೇಡಿರಿ. ಮೊದಲು ಅದು ಬಂದಿರುವ ನಾಲ್ಕು ವಾಕ್ಯ ಓದಿ, ವಾಕ್ಯ ಸಮೇತ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿರಿ.

ಈಗ ಒಂದು ಕೆಲಸ. ಸೆರೆಸಿಕ್ಕ ವೆಂಕಟಪ್ಪ ನಾಯಕನಿಗೆ ಮೊದಲು ಮರಣದಂಡನೆಯಾಗಿ, ಆಮೇಲೆ ಅದು ಸೆರೆವಾಸಕ್ಕೆ ಇಳಿಯಿತು. ಸೆರೆಮನೆಗೆ ಒಯ್ಯುವ ದಾರಿಯಲ್ಲಿ 1858ರಲ್ಲೇ ಅವನು ಗುಂಡಿನಿಂದ ಸತ್ತ. ತಾನೇ ಹೊಡೆದುಕೊಂಡ ಎಂದು ಟೇಲರ್ ಬರೆದ. ಕೊಂದರು ಎನ್ನುವವರು ನಮ್ಮ ಸೀಮೆಯಲ್ಲಿ ಇದ್ದಾರೆ. ಇಂಗ್ಲಿಷಿನಲ್ಲಿ ‘ಡೈಡ್’ ಎಂದರೆ ಗುಂಡೇ ಮಾಯವಾಗುತ್ತದೆ. ‘ವಾಸ್ ಕಿಲ್ಡ್’ ಎಂದರೆ ಬೇರೊಬ್ಬನ ಕೈ ಬರುತ್ತದೆ. ‘ವಾಸ್ ಮರ್ಡರ್ಡ್’ ಎಂದರೆ ಆ ಕೈಗೆ ಸಂಚೂ ಸೇರುತ್ತದೆ. ‘ಶಾಟ್ ಹಿಮ್‌ಸೆಲ್ಫ್’ ಎಂದರೆ ಟೇಲರನ ಮಾತನ್ನು ಪೂರ್ತಿ ನಂಬಿದಂತೆ. ಅವನ ಸಾವಿನ ಬಗ್ಗೆ ಐದು ವಾಕ್ಯ ಇಂಗ್ಲಿಷಿನಲ್ಲಿ ಬರೆದು ಭಾನುವಾರ ತರ್ರಿ. ಆ ಒಂದು ಕ್ರಿಯಾಪದದ ಕೆಳಗೆ ಗೆರೆ ಎಳೆದಿರಲಿ. ಅದನ್ನೇ ಯಾಕೆ ಬರೆದಿರಿ ಎಂದು ನಾನು ಕೇಳುತ್ತೇನೆ, ಉತ್ತರ ನಮ್ಮ ಮಾತಿನಲ್ಲೇ ಹೇಳಬಹುದು.