‘ವೈ’ ಒತ್ತುವ ಮುಂಚೆ

ಡೆಬಿಯನ್ ಅನ್‌ಸ್ಟೇಬಲ್ ಹಾಕಿಕೊಂಡಿದ್ದೀಯಂತೆ, ಸಂತೋಷ ಕಣಪ್ಪ. ಅದರ ಹೆಸರು ಸಿಡ್. ‘ಟಾಯ್ ಸ್ಟೋರಿ’ ಸಿನಿಮಾದಲ್ಲಿ ಆಟಿಕೆಗಳನ್ನೆಲ್ಲ ಮುರಿದುಹಾಕುವ ಪಕ್ಕದ ಮನೆಯ ಹುಡುಗ ಅವನು. ಬಿಡುಗಡೆಯಾಗುವ ಆವೃತ್ತಿಗಳ ಹೆಸರು ಬದಲಾಗುತ್ತಿರುತ್ತದೆ, ಇದರದ್ದು ಮಾತ್ರ ಕಾಯಂ. ಇದು ಎಂದೂ ಬಿಡುಗಡೆಯೇ ಆಗುವುದಿಲ್ಲವಲ್ಲ! ಹೆಸರಿಟ್ಟವರು ಏನನ್ನೂ ಮುಚ್ಚಿಟ್ಟಿಲ್ಲ. ಹಾಗಾಗಿ ಅಪ್‌ಗ್ರೇಡ್ ಕೆಟ್ಟ ದಿನ ಬಯ್ಯುತ್ತ ಕೂರಬೇಡ.

ನಾನು ಹೇಳುವುದು ಇಷ್ಟೆ: ‘ವೈ’ ಒತ್ತುವ ಮುಂಚೆ ಆಪ್ಟ್ ತೋರಿಸುವ ಪಟ್ಟಿಯನ್ನು ಪೂರ್ತಿ ಓದು, ಅದರಲ್ಲೂ ತೆಗೆದುಹಾಕುವವುಗಳ ಪಟ್ಟಿಯನ್ನು. ಬರೀ ‘ಅಪ್‌ಗ್ರೇಡ್’ ಅಂದರೆ ಅದು ಇರುವ ಪ್ಯಾಕೇಜನ್ನು ಕಿತ್ತುಹಾಕುವುದಿಲ್ಲ. ‘ಫುಲ್-ಅಪ್‌ಗ್ರೇಡ್’ ಅಂದೆಯೋ, ಕೀಳುವುದಕ್ಕೂ ಅಪ್ಪಣೆ ಕೊಟ್ಟ ಹಾಗೆ.

2024ರಲ್ಲಿ ಏನಾಯಿತು ನೋಡು. 32 ಬಿಟ್ಟಿನ ಗಡಿಯಾರದ ಲೆಕ್ಕ 2038ರ ಜನವರಿಗೆ ತುಂಬಿಹೋಗುತ್ತದೆ. ಅದನ್ನು ಸರಿಪಡಿಸಲು ನೂರಾರು ಲೈಬ್ರರಿಗಳ ಹೆಸರಿನ ಬಾಲಕ್ಕೆ ‘ಟಿ64’ ಅಂಟಿಸಿದರು. ಹಳೆ ಹೆಸರಿನದು ಹೋಗಬೇಕು, ಹೊಸದು ಬರಬೇಕು. ಅವನ್ನು ನೆಚ್ಚಿದ ಎಷ್ಟೋ ಪ್ರೋಗ್ರಾಂಗಳು ಇನ್ನೂ ಮರುಬಿಲ್ಡ್ ಆಗಿಯೇ ಇರಲಿಲ್ಲ. ಫುಲ್-ಅಪ್‌ಗ್ರೇಡ್ ಕೊಟ್ಟವರಿಗೆ ತೆಗೆದುಹಾಕುವವುಗಳ ಉದ್ದನೆಯ ಪಟ್ಟಿ ಬಂತು. ಓದಿದವರು ‘ಎನ್’ ಒತ್ತಿ, ಗೊಂದಲ ತಿಳಿಯಾಗುವವರೆಗೆ ಸುಮ್ಮನಿದ್ದರು. ಸಿಡ್‌ನಲ್ಲಿ ಸುಮ್ಮನಿರುವುದೂ ಒಂದು ರಿಪೇರಿಯೇ. ನಾಳೆ ಪರೀಕ್ಷೆಯೋ ಇಂಟರ್‌ವ್ಯೂವೋ ಇದ್ದರಂತೂ ಇವತ್ತು ಅಪ್‌ಗ್ರೇಡ್ ತಂಟೆಗೇ ಹೋಗಬೇಡ.

ಆಪ್ಟ್-ಲಿಸ್ಟ್‌ಬಗ್ಸ್ ಹಾಕಿಕೋ, ಗಂಭೀರ ದೂರು ಇರುವ ಪ್ಯಾಕೇಜ್ ಬಂದರೆ ಮೊದಲೇ ಎಚ್ಚರಿಸುತ್ತದೆ. ಇಷ್ಟಾದರೂ ಕೆಟ್ಟಿತೇ? ಮರು ಇನ್‌ಸ್ಟಾಲ್‌ಗೆ ಕೈಹಾಕಬೇಡ. ಆಪ್ಟ್‌ನ ಹಿಸ್ಟರಿ ಲಾಗ್ ತೆಗೆದು, ಕೊನೆಯ ಸಲ ಏನೇನು ಬದಲಾಯಿತು ನೋಡು. ಅನುಮಾನ ಬಂದದ್ದರ ಹಳೆ ಆವೃತ್ತಿ ನಿನ್ನ ಕ್ಯಾಶಿನಲ್ಲೇ ಇದ್ದೀತು. ಇಲ್ಲದಿದ್ದರೆ ಡೆಬಿಯನ್ನಿನ ಸ್ನ್ಯಾಪ್‌ಶಾಟ್ ಆರ್ಕೈವ್‌ನಲ್ಲಿ ಹುಡುಕು. ಅದನ್ನು ಹಾಕಿ, ‘ಹೋಲ್ಡ್’ ಮಾಡು. ಸರಿಯಾದ ಮೇಲೆ ಹೋಲ್ಡ್ ತೆಗೆಯುವುದನ್ನು ಮಾತ್ರ ಮರೆಯಬೇಡ.

ಸಣ್ಣ ಎಡವಟ್ಟನ್ನೂ ‘ಸಿಡ್ ಅಲ್ಲವೆ, ಇರಲಿ’ ಎಂದು ತಳ್ಳಿಹಾಕಬೇಡಪ್ಪ. ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರ್ ಕೂಡ ನಿನ್ನ ಹಾಗೆ ಸಿಡ್ ಬಳಸುತ್ತಿದ್ದ. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿ, ಅದರ ಬೆನ್ನುಹತ್ತಿದ. ಎಕ್ಸ್‌ಝಡ್ ಪ್ಯಾಕೇಜಿನಲ್ಲಿ ಯಾರೋ ಬೇಕೆಂದೇ ಇಟ್ಟಿದ್ದ ಕಳ್ಳಬಾಗಿಲು ಸಿಕ್ಕಿತು. 2024ರ ಮಾರ್ಚ್ 29ರಂದು ಅವನು ಲೋಕಕ್ಕೆ ತಿಳಿಸಿದ. ಡೆಬಿಯನ್ ಸ್ಟೇಬಲ್‌ಗೆ ಅದು ಇನ್ನೂ ಮುಟ್ಟಿರಲಿಲ್ಲ.

ದೂರು ಬರೆಯಲು ರಿಪೋರ್ಟ್‌ಬಗ್ ಇದೆ, ಪ್ಯಾಕೇಜಿನ ಆವೃತ್ತಿಯನ್ನು ಅದೇ ತುಂಬಿಕೊಳ್ಳುತ್ತದೆ. ಇಂಗ್ಲಿಷ್ ತಪ್ಪಾದೀತೆಂದು ಹಿಂಜರಿಯಬೇಡ. ಯಾವ ಆವೃತ್ತಿಯವರೆಗೆ ಸರಿಯಿತ್ತು, ಏನು ಮಾಡಿದಾಗ ಕೆಡುತ್ತದೆ, ಇವೆರಡು ಸ್ಪಷ್ಟವಿದ್ದರೆ ಸಾಕು. ಅದಕ್ಕೂ ಮುಂಚೆ, ಅದೇ ದೂರನ್ನು ಬೇರೆ ಯಾರಾದರೂ ಬರೆದಿದ್ದಾರೆಯೇ ಒಮ್ಮೆ ನೋಡಿಕೋ.