ಮೊಳಕೆ ನೋಡಿ ಬರೆದ ತೀರ್ಪು

ನನ್ನ ಬಳಿ ಹಳೆಯದೊಂದು ನೋಟ್‌ಬುಕ್ ಇದೆ. ಅದರಲ್ಲಿ 2019ರ ಬೇಸಿಗೆಯ ಪುಟದಲ್ಲಿ ಎರಡು ಸಾಲು ಬರೆದಿದ್ದೇನೆ: ‘ಜೋಯಿ ಬಾರ್ಟ್ – ಖಚಿತ’, ‘ಎಲಿಯಟ್ ರಾಮೋಸ್ – ಅನುಮಾನ’. ಎರಡು ವರ್ಷದ ನಂತರದ ಪುಟದಲ್ಲಿ ಮೂರನೆಯ ಸಾಲು: ‘ಪ್ಯಾಟ್ರಿಕ್ ಬೇಲಿ – ಆಗುವುದಿಲ್ಲ’. ಮೂರೂ ತಪ್ಪು. ಬೇಸ್‌ಬಾಲ್ ಬಗ್ಗೆ ನಾನು ಕಲಿತದ್ದರಲ್ಲಿ ಹೆಚ್ಚಿನದನ್ನು ಈ ಮೂರು ಸಾಲುಗಳೇ ಕಲಿಸಿದವು.

ಕೆಲಸಕ್ಕೆಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಗೆ ಬಂದಾಗ ಈ ಆಟದ ಗಂಧವೂ ನನಗಿರಲಿಲ್ಲ. ಆದರೆ ಬೆಂಗಳೂರಿನಲ್ಲಿ ಖಾಲಿ ಗ್ಯಾಲರಿಯಲ್ಲಿ ಕೂತು ರಣಜಿ ಪಂದ್ಯ ನೋಡಿ ಬೆಳೆದವನು ನಾನು. ಹೆಸರಾಗುವ ಮುಂಚಿನ ಆಟಗಾರನನ್ನು ಹತ್ತಿರದಿಂದ ನೋಡುವ ಸುಖ ಗೊತ್ತಿತ್ತು. ಇಲ್ಲಿ ಅದೇ ಸುಖ 1942ರಲ್ಲಿ ತೆರೆದ ಒಂದು ಪುಟ್ಟ ಮೈದಾನದಲ್ಲಿ ಸಿಕ್ಕಿತು. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಎಳೆಯ ಹುಡುಗರು ಸ್ಯಾನ್ ಹೊಸೆ ಜೈಂಟ್ಸ್ ಎಂಬ ಹೆಸರಿನಲ್ಲಿ ಆಡುವುದು ಅಲ್ಲಿಯೇ.

ಈ ಹುಡುಗರಲ್ಲಿ ಬಹಳ ಮಂದಿ ಡ್ರಾಫ್ಟ್ ಮೂಲಕ ಬಂದವರು. ಡ್ರಾಫ್ಟ್ 1965ರಿಂದ ನಡೆದುಬಂದಿದೆ. ಐಪಿಎಲ್ ಹರಾಜಿನಂತೆ ಇಲ್ಲಿ ಬೆಲೆ ಕೂಗುವುದಿಲ್ಲ. 30 ತಂಡಗಳು ಸರದಿಯ ಪ್ರಕಾರ ಹೈಸ್ಕೂಲು, ಕಾಲೇಜು ಆಟಗಾರರನ್ನು ಆರಿಸುತ್ತವೆ. ಹಿಂದಿನ ವರ್ಷ ಸೋತು ಸುಣ್ಣವಾದವರಿಗೆ ಮೊದಲ ಸರದಿ ಸಿಗುವ ಸಾಧ್ಯತೆ ಹೆಚ್ಚು. ಈಗ ಒಟ್ಟು 20 ಸುತ್ತು. ಹೀಗೆ ಆಯ್ಕೆಯಾದ ಹುಡುಗ ನೇರವಾಗಿ ದೊಡ್ಡ ಮೈದಾನಕ್ಕೆ ಹೋಗುವುದು ಅಪರೂಪ. ಜೈಂಟ್ಸ್ ಹುಡುಗನಾದರೆ ಈಗ ಅರಿಜೋನಾ, ಸ್ಯಾನ್ ಹೊಸೆ, ಯೂಜೀನ್, ರಿಚ್ಮಂಡ್, ಸ್ಯಾಕ್ರಮೆಂಟೊ ಎಂಬ ಮೆಟ್ಟಿಲುಗಳನ್ನು ಹತ್ತಬೇಕು. ಹೆಚ್ಚಿನವರು ನಡುವೆಯೇ ಎಲ್ಲೋ ನಿಂತುಹೋಗುತ್ತಾರೆ.

ಬಾರ್ಟ್ 2018ರ ಡ್ರಾಫ್ಟ್‌ನಲ್ಲಿ ಇಡೀ ದೇಶಕ್ಕೆ ಎರಡನೆಯ ಆಯ್ಕೆ. ಸಹಿ ಹಾಕಿದ್ದಕ್ಕೇ 70 ಲಕ್ಷ ಡಾಲರ್‌ಗೂ ಮಿಕ್ಕಿ ಸಿಕ್ಕಿತ್ತು. ಅವನು ಕ್ಯಾಚರ್, ಅಂದರೆ ಬ್ಯಾಟರ್ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವವನು. ಆ ಜಾಗದಲ್ಲಿ ಆಗ ಇದ್ದವನು ಬಸ್ಟರ್ ಪೋಸಿ. 2008ರ ಡ್ರಾಫ್ಟ್‌ನಲ್ಲಿ ಐದನೆಯವನಾಗಿ ಬಂದು, ಇದೇ ಸ್ಯಾನ್ ಹೊಸೆಯಲ್ಲಿ ಆಡಿ, 2010, 2012, 2014ರಲ್ಲಿ ವರ್ಲ್ಡ್ ಸೀರೀಸ್ ಗೆದ್ದವನು. ಬಾರ್ಟ್ ಅವನ ಉತ್ತರಾಧಿಕಾರಿ ಎಂದು ಊರೇ ನಂಬಿತ್ತು. ಪಂದ್ಯಕ್ಕೆ ಮುಂಚಿನ ಅಭ್ಯಾಸದಲ್ಲಿ ಬಾರ್ಟ್‌ನ ಬ್ಯಾಟಿನ ಸದ್ದು ಉಳಿದವರ ಸದ್ದಿಗಿಂತ ಬೇರೆಯಾಗಿಯೇ ಕೇಳುತ್ತಿತ್ತು. ಬೆಳೆಯುವ ಸಿರಿ ಮೊಳಕೆಯಲ್ಲೇ ಎಂದು ನಮ್ಮಜ್ಜಿ ಹೇಳುತ್ತಿದ್ದರಲ್ಲ, ಅದನ್ನೇ ನಂಬಿ ‘ಖಚಿತ’ ಎಂದು ಬರೆದೆ.

ಅದೇ ತಂಡದಲ್ಲಿ ರಾಮೋಸ್ ಇದ್ದ. ಪೋರ್ಟೊ ರಿಕೊದ ಹುಡುಗ, 2017ರಲ್ಲಿ 19ನೆಯ ಆಯ್ಕೆ. ಸ್ಟ್ರೈಕೌಟ್ ಆಗಿ, ಅಂದರೆ ಮೂರು ಸ್ಟ್ರೈಕ್‌ಗೆ ಔಟಾಗಿ, ತಲೆ ತಗ್ಗಿಸಿ ಬರುವುದನ್ನು ಎರಡು ಮೂರು ಸಂಜೆ ನೋಡಿದ ನಾನು ‘ಅನುಮಾನ’ ಎಂದು ಬರೆದೆ. ಆಗ ನಾನು ಕೇಳದೆ ಬಿಟ್ಟ ಪ್ರಶ್ನೆ ಒಂದೇ: ಅವನ ವಯಸ್ಸೆಷ್ಟು? ಬಾರ್ಟ್‌ಗೆ 22. ರಾಮೋಸ್‌ಗೆ 19. ತನಗಿಂತ ಮೂರು ನಾಲ್ಕು ವರ್ಷ ದೊಡ್ಡ ಪಿಚರ್‌ಗಳನ್ನು, ಅಂದರೆ ಚೆಂಡು ಎಸೆಯುವವರನ್ನು, ಆ ಹುಡುಗ ಎದುರಿಸುತ್ತಿದ್ದ. 19ರ ಹುಡುಗನ ಸೋಲಿಗೂ 23ರವನ ಸೋಲಿಗೂ ಒಂದೇ ತಕ್ಕಡಿ ಹಿಡಿಯಬಾರದು. ಇದು ನನ್ನ ಮೊದಲ ಪಾಠ. ಅಂದಿನಿಂದ ಯಾವ ಹುಡುಗನ ಸರಾಸರಿ ನೋಡುವ ಮುಂಚೆಯೂ ವಯಸ್ಸು ನೋಡುತ್ತೇನೆ.

ಎರಡನೆಯ ಪಾಠ ಕಲಿಸಿದವನು ಬೇಲಿ. 2020ರಲ್ಲಿ 13ನೆಯ ಆಯ್ಕೆಯಾದ ಇನ್ನೊಬ್ಬ ಕ್ಯಾಚರ್. 2021ರಲ್ಲಿ ಯೂಜೀನ್‌ನಲ್ಲಿ ಶುರುಮಾಡಿ, ಬ್ಯಾಟಿಂಗ್ ಕೈಕೊಟ್ಟು, ಒಂದು ಮೆಟ್ಟಿಲು ಕೆಳಗೆ ಸ್ಯಾನ್ ಹೊಸೆಗೆ ಬಂದ. ಮೊದಲ ಸುತ್ತಿನ ಕಾಲೇಜು ಆಟಗಾರ ಕೆಳಗಿಳಿದ ಎಂದರೆ ಕಥೆ ಮುಗಿಯಿತು ಎಂದುಕೊಂಡೆ. ಒಂದು ಸಂಜೆ ಹೋಮ್ ಪ್ಲೇಟ್ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮುಂದಿನ ಸಾಲಿನಲ್ಲಿ ಅಂದು ಸರದಿಯಿಲ್ಲದ ಇಬ್ಬರು ಪಿಚರ್‌ಗಳು ರೇಡಾರ್ ಗನ್ ಹಿಡಿದು ಪ್ರತಿ ಎಸೆತದ ವೇಗ ಬರೆದುಕೊಳ್ಳುತ್ತಿದ್ದರು. ಮೊಣಕಾಲಿಗಿಂತ ಕೆಳಗೆ ಬಂದ ಒಂದು ಚೆಂಡನ್ನು ಬೇಲಿ ಕೆಳಗಿನಿಂದ ಮೆಲ್ಲಗೆ ಎತ್ತಿ ಹಿಡಿದ. ಕೈ ಜಗ್ಗಿದ್ದೇ ಕಾಣಲಿಲ್ಲ. ಅಂಪೈರ್ ಅದನ್ನು ಸರಿಯಾದ ಎಸೆತವೆಂದು ಸ್ಟ್ರೈಕ್ ಕೊಟ್ಟರು. ಮುಂದೆ ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅವರು ಗ್ಲೌಸ್ ನೋಡುತ್ತಿದ್ದರು, ನಾನು ಸ್ಕೋರ್‌ಬೋರ್ಡಿನ ಅಂಕಿ ನೋಡುತ್ತಿದ್ದೆ. ಅಂಚಿನ ಚೆಂಡನ್ನು ಸ್ಟ್ರೈಕ್ ಆಗಿ ಕಾಣಿಸುವ ಆ ಕಲೆಗೆ ಫ್ರೇಮಿಂಗ್ ಎನ್ನುತ್ತಾರೆ. ಬ್ಯಾಟಿಂಗ್ ಸರಾಸರಿಯಲ್ಲಿ ಅದು ಎಲ್ಲಿಯೂ ಕಾಣುವುದಿಲ್ಲ. ಕಣ್ಣೆದುರು ಅದನ್ನು ಕಂಡೂ ಅಂದು ರಾತ್ರಿ ನಾನು ಬರೆದದ್ದು ‘ಆಗುವುದಿಲ್ಲ’ ಎಂದೇ.

ಮುಂದೆ ಆದದ್ದು ಇಷ್ಟು. 2021ರ ನವೆಂಬರಿನಲ್ಲಿ ಪೋಸಿ ನಿವೃತ್ತನಾದ. ಜಾಗ ಬಾರ್ಟ್‌ಗೆ ಸಿಕ್ಕಿತು, ಆದರೆ ಸ್ಟ್ರೈಕೌಟ್‌ಗಳು ಅವನನ್ನು ಬಿಡಲಿಲ್ಲ. 2023ರ ಮೇ ತಿಂಗಳಲ್ಲಿ ಬೇಲಿ ಬಂದು ಆ ಜಾಗದಲ್ಲಿ ನಿಂತ. 2024ರಲ್ಲಿ ಅವನ ಕೈಚಳಕಕ್ಕೆ ಗೋಲ್ಡ್ ಗ್ಲೋವ್ ಪ್ರಶಸ್ತಿ ಬಂತು. ರಾಮೋಸ್ 2022ರಲ್ಲಿ ಮೇಲೆ ಹೋಗಿ, ಮತ್ತೆ ಕೆಳಗೆ ಬಂದು, ಎರಡು ವರ್ಷ ಅತ್ತಿಂದಿತ್ತ ಓಡಾಡಿ, 2024ರಲ್ಲಿ ಆಲ್‌ಸ್ಟಾರ್ ಆದ. ಆಯ್ಕೆಯಾದ ಏಳು ವರ್ಷಕ್ಕೆ! ಅದೇ ಸೆಪ್ಟೆಂಬರಿನಲ್ಲಿ ಅವನು ಹೊಡೆದ ಚೆಂಡು ಸ್ಯಾನ್ ಫ್ರಾನ್ಸಿಸ್ಕೊ ಮೈದಾನದಾಚೆಯ ಮೆಕವಿ ಕೋವ್ ನೀರಿಗೆ ಬಿತ್ತು. ಪಂದ್ಯವೊಂದರಲ್ಲಿ ಬಲಗೈ ಬ್ಯಾಟರ್ ಒಬ್ಬ ಅಲ್ಲಿಗೆ ಹೋಮ್‌ರನ್ ಹೊಡೆದದ್ದು ಅದೇ ಮೊದಲು. ಬಾರ್ಟ್‌ನ ಕಥೆಯೂ ಮುಗಿಯಲಿಲ್ಲ. 2024ರಲ್ಲಿ ಪಿಟ್ಸ್‌ಬರ್ಗ್‌ಗೆ ಹೋಗಿ ಅದೇ ವರ್ಷ ಅಲ್ಲಿ 13 ಹೋಮ್‌ರನ್ ಹೊಡೆದ. ಡ್ರಾಫ್ಟ್ ಸಂಖ್ಯೆ ಎಂಬುದು ಒಂದು ದಿನ ಒಂದು ತಂಡ ಕಟ್ಟಿದ ಬೆಲೆ ಮಾತ್ರ, ಆ ಹುಡುಗನ ಹಣೆಬರಹವಲ್ಲ. ಇದು ಮೂರನೆಯ ಪಾಠ.

ನಾಲ್ಕನೆಯದನ್ನು ನಾನು ತೀರ ತಡವಾಗಿ ಕಲಿತೆ. ನನ್ನ ನೋಟ್‌ಬುಕ್ಕಿನಲ್ಲಿ ಹೆಸರೇ ಇಲ್ಲದ ಹುಡುಗರೂ ಅದೇ ಬಸ್ಸಿನಲ್ಲಿ ಊರೂರು ಸುತ್ತುತ್ತಿದ್ದರು. ಅವರ ಮಟ್ಟದಲ್ಲಿ ವರ್ಷದ ಸಂಬಳ 11,000 ಡಾಲರ್ ಆಸುಪಾಸು ಇತ್ತು. 2022ರಲ್ಲಿ ಅವರೆಲ್ಲ ಆಟಗಾರರ ಸಂಘಕ್ಕೆ ಸೇರಿದರು, 2023ರ ಮೊದಲ ಒಪ್ಪಂದದಲ್ಲಿ ಅದು 26,200ಕ್ಕೆ ಏರಿತು. ಅದಕ್ಕೂ ಮುಂಚೆ ಅರೆಹೊಟ್ಟೆಯಲ್ಲಿ ಆಡುತ್ತಿದ್ದವರ ಒಂದು ಕೆಟ್ಟ ಸಂಜೆಯನ್ನು ನೋಡಿ ನಾನು ಒಂದು ಪದದಲ್ಲಿ ತೀರ್ಪು ಬರೆಯುತ್ತಿದ್ದೆ. ಅದು ತಪ್ಪು ಎಂದು ಈಗ ಮನಸಾರೆ ಒಪ್ಪುತ್ತೇನೆ.

ಅಜ್ಜಿಯ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಸಿರಿ ಮೊಳಕೆಯಲ್ಲಿ ಇರುತ್ತದೆ, ಆದರೆ ನೋಡಿದ ದಿನವೇ ಕಾಣಬೇಕೆಂದಿಲ್ಲ. ಈಗಲೂ ಬರೆಯುತ್ತೇನೆ: ವಯಸ್ಸು, ಎಷ್ಟು ಎಸೆತ ಬಿಟ್ಟ, ಕೈ ಎಲ್ಲಿತ್ತು, ಸೋತ ಮರುದಿನ ಹೇಗೆ ಆಡಿದ. ತೀರ್ಪಿನ ಸಾಲು ಮಾತ್ರ ಬರೆಯುವುದಿಲ್ಲ. ನೀವೂ ಯಾವುದೇ ಆಟದ ಎಳೆಯರನ್ನು ನೋಡುತ್ತಿದ್ದರೆ ಒಂದು ಮಾತು: ಕಂಡದ್ದನ್ನು ಬರೆದಿಡಿ, ತೀರ್ಪಿಗೆ ಏಳು ವರ್ಷ ಕಾಯಿರಿ.