ಮೈಕ್ ಸೆಟ್ ಕೆಟ್ಟಾಗ ಮಲ್ಟಿಮೀಟರ್ ಏನು ಹೇಳುತ್ತದೆ?



ನಮ್ಮ ಕೆಲವು ಸಂಘಗಳು ಉಳಿತಾಯದ ಹಣಕ್ಕೆ ಬ್ಯಾಂಕ್ ಸಾಲವನ್ನೂ ಸೇರಿಸಿ ಮೈಕ್ ಸೆಟ್ ಖರೀದಿಸಿ ಬಾಡಿಗೆಗೆ ಕೊಡುತ್ತಿವೆ. ರೋಸ್, ಮದುವೆ, ತೆನೆ ಹಬ್ಬ, ಶಾಲೆಯ ವಾರ್ಷಿಕೋತ್ಸವ, ಗ್ರಾಮಸಭೆ ಎಂದು ವರ್ಷದಲ್ಲಿ ಸಾಕಷ್ಟು ದಿನ ಕೆಲಸ ಸಿಗುತ್ತದೆ. ಆದರೆ ಸೆಟ್ ಕೆಟ್ಟಿತೆಂದರೆ ಬಾಡಿಗೆಯೂ ಹೋಯಿತು, ರಿಪೇರಿ ಖರ್ಚೂ ಬಂತು, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಒಮ್ಮೆ ಹಬ್ಬದ ಮುಂಚಿನ ದಿನ ಒಂದು ಸಂಘದವರು ಸದ್ದೇ ಬಾರದ ಆಂಪ್ಲಿಫೈಯರನ್ನು ಆಟೋದಲ್ಲಿ ಹಾಕಿಕೊಂಡು ಪೇಟೆಗೆ ಹೋದರು. "ಒಳಗೆ ಬೋರ್ಡ್ ಹೋಗಿದೆ" ಎಂದು ಅಂಗಡಿಯವರು 1,800 ರೂಪಾಯಿ ತೆಗೆದುಕೊಂಡರು. ಊರಿಗೆ ತಂದು ಜೋಡಿಸಿದರೆ ಮತ್ತೆ ಮೌನ. ಕೊನೆಗೆ ನೋಡಿದರೆ ಹಾರ್ನಿಗೆ ಹೋಗುವ ವಯರು ಹಂಚಿನ ಅಂಚಿಗೆ ತಾಗಿ ತಾಗಿ ಒಳಗೇ ತುಂಡಾಗಿತ್ತು! ಆಗ ನಾವೂ "ಪೇಟೆಗೆ ಒಯ್ಯಿರಿ" ಅಂತಲೇ ಹೇಳಿದ್ದೆವು. ಆ ತಪ್ಪು ನಮ್ಮದೂ ಹೌದು. ಅದಕ್ಕೇ ಈ ಪಾಠ. ಪೆಟ್ಟಿಗೆ ಬಿಚ್ಚದೆ, ಕರೆಂಟಿಗೆ ಕೈ ಹಾಕದೆ, ದೋಷ ಎಲ್ಲಿದೆ ಎಂದು ಮಲ್ಟಿಮೀಟರಿನಿಂದ ನಾವೇ ಹುಡುಕಬಹುದು.

ಮೀಟರಿನ ಪರಿಚಯ

1923ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ಮೊದಲ ಮೀಟರ್ ಮಾರಾಟಕ್ಕೆ ಬಂತು. ಅಲ್ಲಿನ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ ಎಂಬವರಿಗೆ ಟೆಲಿಫೋನ್ ಲೈನ್ ನೋಡಲು ಬೇರೆ ಬೇರೆ ಉಪಕರಣಗಳನ್ನು ಹೊತ್ತು ಸಾಕಾಗಿತ್ತು. ಆಂಪಿಯರ್, ವೋಲ್ಟ್, ಓಮ್ ಮೂರನ್ನೂ ಅಳೆಯುವ ಆ ಪೆಟ್ಟಿಗೆಗೆ ಆವೋ ಮೀಟರ್ ಎಂದು ಹೆಸರಾಯಿತು. ಈಗ ಪೇಟೆಯಲ್ಲಿ ಅಂಗೈಯಗಲದ ಡಿಜಿಟಲ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಕಪ್ಪು ವಯರನ್ನು ಯಾವಾಗಲೂ 'ಕಾಮ್' ಎಂದು ಬರೆದ ತೂತಿಗೆ, ಕೆಂಪು ವಯರನ್ನು 'ವಿ' ಅಕ್ಷರ ಇರುವ ತೂತಿಗೆ ಹಾಕಬೇಕು. '10 ಎ' ಎಂಬ ಇನ್ನೊಂದು ತೂತು ಇದೆಯಲ್ಲ, ಅದರ ಗೊಡವೆ ನಮಗೆ ಬೇಡ. ಕೆಂಪು ವಯರು ಅಲ್ಲಿರುವಾಗ ಬ್ಯಾಟರಿಗೋ ಕರೆಂಟಿಗೋ ತಾಗಿಸಿದರೆ ಶಾರ್ಟ್ ಆಗಿ ಕೈ ಸುಡಬಹುದು.

ನಮಗೆ ಬೇಕಾದದ್ದು ಎರಡೇ ಅಳತೆ. ಒಂದು, ಕುದುರೆ ಲಾಳದಂಥ ಗುರುತಿನ ಓಮ್ ವಿಭಾಗದ 200ರ ಜಾಗ. ಇನ್ನೊಂದು, ಬ್ಯಾಟರಿಗೆ ಡಿ.ಸಿ. ವೋಲ್ಟಿನ 20ರ ಜಾಗ. ಗುಂಡಿಯನ್ನು ಓಮ್ 200ಕ್ಕೆ ತಿರುಗಿಸಿ ಎರಡು ಮೊನೆಗಳನ್ನೂ ಒಂದಕ್ಕೊಂದು ತಾಗಿಸಿ ನೋಡಿ. 0 ಅಥವಾ 0.5ರ ಹಾಗೆ ಬರುತ್ತದೆ. ಅಂದರೆ ದಾರಿ ಸರಿ ಇದೆ. ಮೊನೆಗಳನ್ನು ಬಿಡಿಸಿದರೆ ಎಡಗಡೆ ಬರೀ '1' ನಿಲ್ಲುತ್ತದೆ. ಅದು ಒಂದು ಓಮ್ ಅಲ್ಲ, "ದಾರಿ ತುಂಡಾಗಿದೆ" ಎಂಬ ಸೂಚನೆ. ನಮ್ಮ ತರಬೇತಿಯಲ್ಲಿ ಹೆಚ್ಚಿನವರು ತಪ್ಪಿದ್ದು ಇಲ್ಲೇ. ಕೆಲವು ಮೀಟರುಗಳಲ್ಲಿ '1'ರ ಬದಲು ಬೇರೆ ಗುರುತು ಬರಬಹುದು, ಮೊನೆ ಬಿಡಿಸಿದಾಗ ಏನು ಕಾಣುತ್ತದೋ ಅದೇ.

ಒಂದು ಮಾತು ಮರೆಯಬೇಡಿ. ಓಮ್ ನೋಡುವಾಗ ಪ್ಲಗ್ ಗೋಡೆಯಿಂದ ಕಿತ್ತಿರಬೇಕು, ಬ್ಯಾಟರಿ ವಯರೂ ಬಿಚ್ಚಿರಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು.

ಮೊದಲು ಹಾರ್ನ್, ಆಮೇಲೆ ಮೈಕ್

ಆಂಪ್ಲಿಫೈಯರಿನ ದೀಪ ಉರಿಯುತ್ತಿದೆ, ಸದ್ದಿಲ್ಲ ಎಂದಾದರೆ ಹೆಚ್ಚಾಗಿ ತೊಂದರೆ ಹೊರಗಿನ ವಯರಿನಲ್ಲೇ. ಹಾರ್ನಿನ ವಯರನ್ನು ಆಂಪ್ಲಿಫೈಯರಿನಿಂದ ಬಿಚ್ಚಿ, ಅದರ ಎರಡು ತುದಿಗಳಿಗೆ ಮೊನೆ ತಾಗಿಸಿ. 16 ಓಮ್ ಎಂದು ಬರೆದ ಹಾರ್ನ್ ಯೂನಿಟ್ ಚೆನ್ನಾಗಿದ್ದರೆ ಮೀಟರಿನಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ, 12-13ರ ಆಸುಪಾಸು ಕಾಣುತ್ತದೆ. '1' ಬಂದರೆ ವಯರು ತುಂಡಾಗಿದೆ ಅಥವಾ ಒಳಗಿನ ಕಾಯಿಲ್ ಸುಟ್ಟಿದೆ. ಯಾವುದು ಎಂದು ತಿಳಿಯಲು ಹಾರ್ನಿನ ಬುಡದ ಸ್ಕ್ರೂಗಳಲ್ಲೇ ಇನ್ನೊಮ್ಮೆ ಅಳೆಯಿರಿ. ಅಲ್ಲಿ 13 ಬಂದರೆ ಹಾರ್ನ್ ಸರಿ, ವಯರು ಹೋಗಿದೆ. ಸೊನ್ನೆ ಬಂದರೆ ಎರಡು ಎಳೆಗಳು ಎಲ್ಲೋ ಒಂದಕ್ಕೊಂದು ಅಂಟಿವೆ. ಹಾಗೇ ಆನ್ ಮಾಡಿದರೆ ಆಂಪ್ಲಿಫೈಯರಿನ ಒಳಗಿನ ಟ್ರಾನ್ಸಿಸ್ಟರುಗಳು ಸುಡುತ್ತವೆ. ದೊಡ್ಡ ಖರ್ಚು ಬರುವುದು ಹೀಗೆಯೇ.

ಎರಡು ಹಾರ್ನ್‌ಗಳನ್ನು ಅಕ್ಕಪಕ್ಕ, ಅಂದರೆ ಪ್ಯಾರಲಲ್ ಆಗಿ ಜೋಡಿಸಿದ್ದರೆ ಅಳತೆ ಅರ್ಧವಾಗಿ ಆರೂವರೆಯ ಹತ್ತಿರ ಬರಬೇಕು. ಅಲ್ಲಿ 13 ಕಂಡರೆ ಒಂದು ಹಾರ್ನ್ ಸತ್ತಿದೆ ಎಂದರ್ಥ. ಮರ ಹತ್ತದೆಯೇ ಇಷ್ಟು ಗೊತ್ತಾಗುತ್ತದೆ! ಲೈನ್ ಟ್ರಾನ್ಸ್‌ಫಾರ್ಮರ್ ಇರುವ ಹಾರ್ನಿಗೆ ಮಾತ್ರ ಈ ಲೆಕ್ಕ ಸರಿ ಹೊಂದುವುದಿಲ್ಲ. ಆದ್ದರಿಂದ ಸೆಟ್ ಚೆನ್ನಾಗಿರುವಾಗಲೇ ಎಲ್ಲವನ್ನೂ ಅಳೆದು ಸಂಘದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ಉಳಿತಾಯ, ಸಾಲ, ಬಡ್ಡಿ ಎಲ್ಲ ಬರೆಯುವ ನಮಗೆ ಇದೇನು ಕಷ್ಟ?

ಮೈಕಿನ ಕೇಬಲ್ ಅತಿ ಹೆಚ್ಚು ಕೆಡುವ ಭಾಗ, ಮಕ್ಕಳು ತುಳಿಯುತ್ತಾರೆ, ನಾವು ಬಿಗಿಯಾಗಿ ಸುತ್ತಿಡುತ್ತೇವೆ. ಕೇಬಲನ್ನು ಎರಡೂ ಕಡೆ ಬಿಚ್ಚಿ. ಎರಡು ಕಡೆಯೂ ಒಂದೇ ತರದ ಉದ್ದ ಪಿನ್ ಇದ್ದರೆ, ಈಚೆ ತುದಿಯ ಚೂಪಿನಿಂದ ಆಚೆ ತುದಿಯ ಚೂಪಿಗೆ ಸೊನ್ನೆಯ ಹತ್ತಿರ ಬರಬೇಕು. ಹಾಗೆಯೇ ಕೊಳವೆಯಿಂದ ಕೊಳವೆಗೆ. ಚೂಪಿನಿಂದ ಕೊಳವೆಗೆ ಮಾತ್ರ '1' ಬರಬೇಕು. ಮೂರು ಪಿನ್ನಿನ ಕೇಬಲ್ ಆದರೆ 1ರಿಂದ 1ಕ್ಕೆ, 2ರಿಂದ 2ಕ್ಕೆ, 3ರಿಂದ 3ಕ್ಕೆ ನೋಡಿ. ಅಳೆಯುತ್ತಲೇ ಒಬ್ಬರು ಕೇಬಲನ್ನು ಪಿನ್ನಿನ ಬುಡದಲ್ಲಿ ಅಲುಗಾಡಿಸಲಿ. ಅಂಕಿ ಜಿಗಿದರೆ ಕರಕರ ಸದ್ದಿನ ಕಾರಣ ಅಲ್ಲಿದೆ. ಹೊರಗಿನ ಜಾಲರಿ ಎಳೆ ಬಿಟ್ಟಿದ್ದರೆ 'ಹೂಂ' ಎಂಬ ಗುಂಯ್‌ಗುಡುವಿಕೆ ಬರುತ್ತದೆ. ಬುಡದಲ್ಲಿ ಸ್ವಲ್ಪ ಕತ್ತರಿಸಿ ಹೊಸದಾಗಿ ಬೆಸುಗೆ ಹಾಕಿದರೆ ಸರಿಯಾಗುತ್ತದೆ.

ದೀಪವೇ ಉರಿಯದಿದ್ದರೆ

ಮೊದಲು ಫ್ಯೂಸ್. ಹೊರತೆಗೆದು ಎರಡು ತುದಿ ಅಳೆಯಿರಿ, ಸೊನ್ನೆ ಬಂದರೆ ಸರಿ, '1' ಬಂದರೆ ಹೋಗಿದೆ. ಕಣ್ಣಿಗೆ ಎಳೆ ಕಂಡರೂ ನಂಬಬೇಡಿ. ಅದೇ ಆಂಪಿಯರಿನ ಫ್ಯೂಸನ್ನೇ ಹಾಕಿ. ತಾಮ್ರದ ಎಳೆ, ಚಾಕಲೇಟಿನ ಬೆಳ್ಳಿ ಕಾಗದ ಸುತ್ತುವ ಅಭ್ಯಾಸ ಖಂಡಿತ ಬೇಡ. ಹೊಸ ಫ್ಯೂಸೂ ತಕ್ಷಣ ಹೋದರೆ ಮೂರನೆಯದನ್ನು ಹಾಕಬೇಡಿ, ದೋಷ ಒಳಗಿದೆ.

ಬ್ಯಾಟರಿಯಲ್ಲಿ ನಡೆಸುವುದಾದರೆ ಡಿ.ಸಿ. 20ರಲ್ಲಿ ಅಳೆಯಿರಿ. ತುಂಬಿದ 12 ವೋಲ್ಟ್ ಬ್ಯಾಟರಿ ಸುಮ್ಮನಿರುವಾಗ 12.6ರ ಹತ್ತಿರ ತೋರಿಸುತ್ತದೆ. ಸುಮ್ಮನಿರುವಾಗ ಚೆನ್ನಾಗಿ ತೋರಿಸಿ, ಮೈಕಿನಲ್ಲಿ ಮಾತಾಡಿದ ಕೂಡಲೇ 11ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಗೆ ಶಕ್ತಿ ಇಲ್ಲ. ಕೆಂಪು ಕಪ್ಪು ಅದಲುಬದಲು ಮಾಡಬೇಡಿ.

ಜೀವದ ಪ್ರಶ್ನೆ

ಮೈಕ್ ಹಿಡಿದಾಗ 'ಜುಂ' ಎಂದರೆ "ಸ್ವಲ್ಪ ಎರ್ತ್ ಹೊಡೀತದೆ, ಪರವಾಗಿಲ್ಲ" ಅನ್ನುತ್ತೇವೆ. ಪರವಾಗಿದೆ. ಆಂಪ್ಲಿಫೈಯರಿನ ಒಳಗೆ 230 ವೋಲ್ಟಿನ ವಯರು ಕಬ್ಬಿಣದ ಮೈಗೆ ತಾಗಿದರೆ, ಕೇಬಲಿನ ಜಾಲರಿ ಎಳೆಯ ಮೂಲಕ ಅದು ಮೈಕಿನ ತನಕ ಬರುತ್ತದೆ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಓದುವ ಮಗುವಿನ ಕೈಯಲ್ಲಿರುವುದು ಆ ಮೈಕ್.

ಪ್ಲಗ್ಗನ್ನು ಕೈಯಲ್ಲಿ ಹಿಡಿದುಕೊಂಡೇ ಇದನ್ನು ನೋಡಬಹುದು. ಮೂರು ಪಿನ್ನುಗಳಲ್ಲಿ ಮೇಲಿನ ದಪ್ಪ ಪಿನ್ ಎರ್ತ್. ಅದರಿಂದ ಆಂಪ್ಲಿಫೈಯರಿನ ಬಣ್ಣವಿಲ್ಲದ ಸ್ಕ್ರೂಗೆ ಅಳೆದರೆ ಸೊನ್ನೆಯ ಹತ್ತಿರ ಬರಬೇಕು. '1' ಬಂದರೆ ಎರ್ತ್ ಎಳೆ ಇಲ್ಲ. ಆಮೇಲೆ ಪವರ್ ಸ್ವಿಚ್ ಆನ್ ಸ್ಥಾನದಲ್ಲಿಟ್ಟು, ಗುಂಡಿಯನ್ನು ಓಮಿನ ಅತಿ ದೊಡ್ಡ ಅಂಕಿಗೆ ತಿರುಗಿಸಿ, ಕೆಳಗಿನ ಎರಡು ಪಿನ್ನುಗಳಿಂದ ಒಂದೊಂದಾಗಿ ಅದೇ ಸ್ಕ್ರೂಗೆ ಅಳೆಯಿರಿ. ಎರಡರಲ್ಲೂ '1' ಬರಬೇಕು. ಮೊನೆಗಳನ್ನು ಬೆರಳಲ್ಲಿ ಮುಟ್ಟಬೇಡಿ, ನಿಮ್ಮ ಮೈಯನ್ನೇ ಮೀಟರ್ ಅಳೆದೀತು. ಅಂಕಿ ಕಂಡರೆ ಆ ಸೆಟ್ಟನ್ನು ರಿಪೇರಿಯಾಗುವ ತನಕ ಬಾಡಿಗೆಗೆ ಕೊಡಬೇಡಿ, ಎಷ್ಟು ಬೇಡಿಕೆ ಇದ್ದರೂ.

ಸೆಟ್ ಸರಿ ಇದ್ದು ಸಭಾಭವನದ ಪ್ಲಗ್ಗಿಗೇ ಎರ್ತ್ ಇಲ್ಲದಿರಬಹುದು. ಅದನ್ನು ನಾವು ಚುಚ್ಚಿ ನೋಡುವುದು ಬೇಡ, ಎಲೆಕ್ಟ್ರಿಷಿಯನ್ ನೋಡಲಿ. ಸಂಶಯವಿದ್ದರೆ ಪ್ಲಗ್ ಕಿತ್ತು ಬ್ಯಾಟರಿಯಲ್ಲೇ ಕಾರ್ಯಕ್ರಮ ನಡೆಸಿ.

ಎಲ್ಲಿ ನಿಲ್ಲಬೇಕು?

ಇಷ್ಟೆಲ್ಲ ಸರಿ ಇದ್ದೂ ಸದ್ದಿಲ್ಲವೆಂದರೆ ದೋಷ ಪೆಟ್ಟಿಗೆಯೊಳಗೆ. ಮುಚ್ಚಳ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕಂಡೆನ್ಸರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಹಳೆ ಕಾಲದ ವಾಲ್ವ್ ಆಂಪ್ಲಿಫೈಯರ್ ಆದರಂತೂ ವಿಪರೀತ. ಗಾಜಿನ ಬಲ್ಬಿನಂಥ ವಾಲ್ವುಗಳಿರುವ ಅಂಥ ಪೆಟ್ಟಿಗೆ ಯಾವುದಾದರೂ ಅಟ್ಟದ ಮೇಲಿರಬಹುದು, ಗಿಟಾರ್ ನುಡಿಸುವವರು ಈಗಲೂ ಇಷ್ಟಪಟ್ಟು ಬಳಸುತ್ತಾರೆ. ವಾಲ್ವಿನ ದೀಪದ ಎಳೆಗೆ 6.3 ವೋಲ್ಟ್ ಸಾಕು, ಆದರೆ ಅದರ ಪ್ಲೇಟಿಗೆ 300-400 ವೋಲ್ಟ್ ಡಿ.ಸಿ. ಹೋಗುತ್ತದೆ. ಅನುಭವಿ ಮೆಕ್ಯಾನಿಕ್ ಕೂಡ ಮೊದಲು ಕಂಡೆನ್ಸರ್ ಖಾಲಿ ಮಾಡಿ, ಸೊನ್ನೆಯಾಯಿತೆಂದು ಮೀಟರಿನಲ್ಲಿ ನೋಡಿಯೇ ಕೈ ಹಾಕುವುದು.

ಅಂಗಡಿಗೆ ಹೋಗುವಾಗ ಬರೆದ ಅಳತೆಗಳನ್ನು ಒಯ್ಯಿರಿ. "ಹಾರ್ನ್ 13 ಇದೆ, ಕೇಬಲ್ ಸರಿ ಇದೆ, ಫ್ಯೂಸ್ ಎರಡು ಸಲ ಹೋಯಿತು" ಎಂದು ಹೇಳಿ. ಬದಲಾಯಿಸಿದ ಹಳೆ ಭಾಗವನ್ನು ಕೇಳಿ ತನ್ನಿ, ಬಿಲ್ಲನ್ನೂ ತನ್ನಿ. ಹಾಗೆ ಕೇಳಿದರೆ ಪ್ರಾಮಾಣಿಕ ಮೆಕ್ಯಾನಿಕ್ ಬೇಸರ ಮಾಡಿಕೊಳ್ಳುವುದಿಲ್ಲ, ಅವರ ಅರ್ಧ ಕೆಲಸ ನಾವು ಮಾಡಿಕೊಟ್ಟಿರುತ್ತೇವೆ.

ಮುಂದಿನ ಒಕ್ಕೂಟದ ಸಭೆಗೆ ಬರುವಾಗ ಕೆಟ್ಟುಹೋದ ಕೇಬಲ್, ಹಳೆ ಫ್ಯೂಸ್ ಇದ್ದರೆ ಎಸೆಯದೆ ತನ್ನಿ, ಅದರಲ್ಲೇ ಅಭ್ಯಾಸ ಮಾಡೋಣ. ಮತ್ತೆ, ಕೆಲಸ ಮುಗಿದ ಮೇಲೆ ಮೀಟರನ್ನು ಆಫ್ ಮಾಡಲು ಮರೆಯಬೇಡಿ. ನಮ್ಮ ಕಚೇರಿಯ ಮೀಟರಿನ 9 ವೋಲ್ಟ್ ಸೆಲ್ ಹಾಗೆಯೇ ಎರಡು ಸಲ ಖಾಲಿಯಾಗಿದೆ.